ತೆಗೆದಿಟ್ಟ ಯೀಸ್ಟ್ ಕೈಕೊಟ್ಟಾಗ: ಮನೆಯ ಬಿಯರ್‌ನಲ್ಲಿ ದೋಷದ ಮೂಲ ಹುಡುಕುವ ಕ್ರಮ

ನಿನ್ನೆಯ ಮೊಸರನ್ನೇ ಇಂದಿನ ಹಾಲಿಗೆ ಹೆಪ್ಪು ಹಾಕುವ ಮನೆಗಳಲ್ಲಿ ಬೆಳೆದ ನಮಗೆ, ಒಂದು ಸಲದ ಬಿಯರ್‌ನ ತಳದಲ್ಲಿ ಉಳಿದ ಯೀಸ್ಟನ್ನು ಮುಂದಿನ ಸಲಕ್ಕೆ ತೆಗೆದಿಡುವುದು ಅಪರಿಚಿತ ವಿಚಾರವಲ್ಲ. ಹೆಪ್ಪು ಸರಿಯಿಲ್ಲದಿದ್ದರೆ ಹಾಲು ಹಾಲಾಗಿಯೇ ಉಳಿಯುತ್ತದೆ, ಇಲ್ಲವೇ ಅರ್ಧಂಬರ್ಧ ಹೆಪ್ಪಾಗುತ್ತದೆ, ಇಲ್ಲವೇ ಲೋಳೆಯಾಗಿ ಬೇರೆಯದೇ ವಾಸನೆ ಬರುತ್ತದೆ. ತೆಗೆದಿಟ್ಟ ಯೀಸ್ಟ್‌ನ ದೋಷಗಳೂ ಈ ಮೂರು ಬಗೆಯವೇ. ಆದರೆ ಹೆಪ್ಪಿನ ದೋಷ ಮರುದಿನ ಬೆಳಗ್ಗೆಯೇ ಗೊತ್ತಾಗುತ್ತದೆ. ಯೀಸ್ಟ್‌ನ ದೋಷ ಅನೇಕ ಸಲ ಮೂರು ವಾರಗಳ ನಂತರ, ಬಾಟಲಿ ತೆರೆದ ಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ಅದೇ ಯೀಸ್ಟನ್ನು ಇನ್ನೊಂದು ಪಾತ್ರೆಗೆ ಹಾಕಿಯೂ ಆಗಿರುತ್ತದೆ. ಆದ್ದರಿಂದ ದೋಷ ಕಂಡಾಗ ಊಹೆಯ ಮೇಲೆ ಯೀಸ್ಟನ್ನು ದೂರುವುದಾಗಲಿ, ಯೀಸ್ಟನ್ನು ಬಿಟ್ಟು ಉಳಿದೆಲ್ಲವನ್ನೂ ಬದಲಿಸುವುದಾಗಲಿ ಸರಿಯಲ್ಲ ಎಂಬುದು ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಹಲವು ಪಾತ್ರೆ ಬಿಯರನ್ನು ಚೆಲ್ಲಿದ ಮೇಲೆ ನಾನು ಕಲಿತದ್ದು.

ಇಲ್ಲಿನ ಅಳತೆಗಳೆಲ್ಲ 20 ಲೀಟರ್ ಪ್ರಮಾಣದ, ಆರಂಭದ ಸಾಂದ್ರತೆ 1.048ರ ಆಸುಪಾಸಿನಲ್ಲಿರುವ ಸಾಧಾರಣ ಏಲ್ ಬಗೆಯ, ಅಂದರೆ ತಣ್ಣಗಿಡದೆ ಹುದುಗಿಸುವ ಬಿಯರ್‌ಗೆ ಸಂಬಂಧಿಸಿದವು. ಸಾಂದ್ರತೆ ಎಂದರೆ ನೀರನ್ನು 1.000 ಎಂದಿಟ್ಟುಕೊಂಡು ಅಳೆಯುವ ದಟ್ಟತೆ; ಸಕ್ಕರೆ ಹುದುಗಿದಂತೆ ಅದು ಇಳಿಯುತ್ತದೆ. ವರ್ಟ್ ಎಂದರೆ ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದು, ಕಹಿ ಕೊಡುವ ಹಾಪ್ಸ್ ಹೂಗಳನ್ನು ಹಾಕಿ ಕುದಿಸಿದ, ಇನ್ನೂ ಹುದುಗದ ಸಿಹಿ ರಸ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅಡಿಯಲ್ಲಿ ಮದ್ಯ ತಯಾರಿಕೆಗೆ ಪರವಾನಗಿ ಬೇಕಾಗುವುದರಿಂದ, ಓದುಗರು ಆ ವಿಷಯವನ್ನು ಜಿಲ್ಲೆಯ ಅಬಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.

ಏರ್‌ಲಾಕ್ ಸುಮ್ಮನಿದೆ ಎಂದ ಮಾತ್ರಕ್ಕೆ

ಅತಿ ಸಾಮಾನ್ಯವಾದ ದೂರು ಎಂದರೆ, ಯೀಸ್ಟ್ ಹಾಕಿ ಒಂದು ದಿನವಾದರೂ ಏರ್‌ಲಾಕ್‌ನಲ್ಲಿ, ಅಂದರೆ ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ, ಮುಚ್ಚಳದ ಮೇಲಿನ ನೀರಿನ ಕೊಳವೆಯಲ್ಲಿ, ಗುಳ್ಳೆ ಬರುತ್ತಿಲ್ಲ ಎಂಬುದು. ಪ್ಲಾಸ್ಟಿಕ್ ಬಕೆಟ್‌ನ ಮುಚ್ಚಳ ಒಂದು ಕಡೆ ಸ್ವಲ್ಪ ಸಡಿಲವಾಗಿದ್ದರೂ ಅನಿಲ ಅಲ್ಲಿಂದಲೇ ಹೊರಹೋಗುತ್ತದೆ. ಗುಳ್ಳೆ ಬರುವುದಿಲ್ಲ, ಆದರೆ ಒಳಗೆ ಹುದುಗುವಿಕೆ ಚೆನ್ನಾಗಿಯೇ ನಡೆದಿರುತ್ತದೆ. ಮುಚ್ಚಳ ತೆರೆದರೆ ಮೇಲೆ ನೊರೆಯ ಪದರವೋ, ಪಾತ್ರೆಯ ಗೋಡೆಯ ಮೇಲೆ ನೊರೆ ಏರಿ ಇಳಿದ ಕಂದು ಗುರುತೋ ಇದ್ದರೆ ಅಲ್ಲಿಗೆ ಆ ಅನುಮಾನ ಮುಗಿಯಿತು. ಏನೂ ಕಾಣದಿದ್ದರೆ ಹೈಡ್ರೋಮೀಟರ್ ಎಂಬ, ದ್ರವದಲ್ಲಿ ತೇಲಿ ಸಾಂದ್ರತೆ ತೋರಿಸುವ ಉಪಕರಣದಲ್ಲಿ ಅಳೆಯಬೇಕು. ಅಳೆಯುವ ಮುನ್ನ ಮಾದರಿಯನ್ನು ಎರಡು ಲೋಟಗಳ ನಡುವೆ, ಕಾಫಿ ಆರಿಸುವಂತೆ, ನಾಲ್ಕಾರು ಸಲ ಎತ್ತಿ ಸುರಿದು ಅನಿಲವನ್ನು ಕಳೆಯಬೇಕು. ಇಲ್ಲವಾದರೆ ಗುಳ್ಳೆಗಳು ಹೈಡ್ರೋಮೀಟರನ್ನು ಮೇಲಕ್ಕೆತ್ತಿ ಅಂಕಿ ಹೆಚ್ಚು ತೋರುತ್ತದೆ. ಉಪಕರಣದ ಮೇಲೆ ಬರೆದಿರುವ ಉಷ್ಣತೆಗಿಂತ, ಸಾಮಾನ್ಯವಾಗಿ 20 ಡಿಗ್ರಿ, ಮಾದರಿ ಬೆಚ್ಚಗಿದ್ದರೆ ಅಂಕಿ ಕಡಿಮೆ ತೋರುತ್ತದೆ ಎಂಬುದನ್ನೂ ನೆನಪಿಡಬೇಕು.

ಆರರಿಂದ ಹದಿನೆಂಟು ಗಂಟೆಗಳ ಕಾಲ ಯೀಸ್ಟ್ ಮೌನವಾಗಿರುವುದು ಸಹಜ. ಇಪ್ಪತ್ತನಾಲ್ಕು ಗಂಟೆ ದಾಟಿದ ಮೇಲೂ ಸಾಂದ್ರತೆ ಒಂದು ಅಂಶವೂ ಇಳಿಯದಿದ್ದರೆ ಮಾತ್ರ ಕಾರಣ ಹುಡುಕಲು ತೊಡಗಬೇಕು.

ಆಗ ಕೇಳಿಕೊಳ್ಳಬೇಕಾದದ್ದು ಮೂರೇ ಪ್ರಶ್ನೆ: ಯೀಸ್ಟ್ ಸತ್ತಿದೆಯೇ, ಸಾಲದಾಯಿತೇ, ಅಥವಾ ಬದುಕಿದ್ದೂ ಬೇಕಾದಷ್ಟಿದ್ದೂ ಬಸವಳಿದಿದೆಯೇ? ಇವುಗಳಲ್ಲಿ ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಪೊಟ್ಟಣದಲ್ಲಿ ಬರುವ ಹೊಸ ಒಣ ಯೀಸ್ಟನ್ನು ಕಾರ್ಖಾನೆಯಲ್ಲಿ ಧಾರಾಳವಾಗಿ ಗಾಳಿ ಕೊಟ್ಟು ಬೆಳೆಸಿರುತ್ತಾರೆ. ಕೋಶದ ಪೊರೆ ಕಟ್ಟಿಕೊಳ್ಳಲು ಬೇಕಾದ ಸ್ಟೆರಾಲ್‌ಗಳನ್ನು ಅದು ಆಗಲೇ ಕೂಡಿಟ್ಟುಕೊಂಡಿರುತ್ತದೆ. ಒಮ್ಮೆ ಬಿಯರ್ ಮಾಡಿ ಮುಗಿಸಿದ ಯೀಸ್ಟ್‌ನಲ್ಲಿ ಆ ದಾಸ್ತಾನು ಖಾಲಿಯಾಗಿರುತ್ತದೆ. ಅದನ್ನು ಮತ್ತೆ ತುಂಬಿಕೊಳ್ಳಲು ಆಮ್ಲಜನಕ ಬೇಕು. ಕುದಿಸಿದ ವರ್ಟ್‌ನಲ್ಲಿ ಆಮ್ಲಜನಕ ಬಹುತೇಕ ಉಳಿದಿರುವುದಿಲ್ಲ. ಹೀಗಾಗಿ ಪೊಟ್ಟಣದ ಯೀಸ್ಟ್ ಹಾಕಿದಾಗ ಸರಾಗವಾಗಿ ನಡೆದ ಅದೇ ಪಾಕ, ಅದೇ ಪಾತ್ರೆ, ಅದೇ ಕ್ರಮ, ತೆಗೆದಿಟ್ಟ ಯೀಸ್ಟ್‌ನೊಂದಿಗೆ ಕುಂಟುತ್ತದೆ. ತಣಿಸಿದ ವರ್ಟನ್ನು ಯೀಸ್ಟ್ ಹಾಕುವ ಹೊತ್ತಿಗೆ ಎತ್ತರದಿಂದ ಸುರಿದು, ಪಾತ್ರೆಯನ್ನು ಐದಾರು ನಿಮಿಷ ಬಲವಾಗಿ ಕುಲುಕಿದರೆ ಇದು ಸರಿಹೋಗುತ್ತದೆ. ಬಿಸಿ ಇರುವಾಗ ಕುಲುಕಿದರೆ ಪ್ರಯೋಜನವಿಲ್ಲ, ಏಕೆಂದರೆ ಬಿಸಿ ದ್ರವದಲ್ಲಿ ಆಮ್ಲಜನಕ ಕರಗುವುದು ಕಡಿಮೆ. ಹುದುಗುವಿಕೆ ಜೋರಾದ ಮೇಲೆ ಕುಲುಕುವುದಂತೂ ಹಾನಿಯೇ.

ಸಾಲದಾಯಿತೇ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ. ಏಲ್‌ಗೆ ಪ್ರತಿ ಮಿಲಿಲೀಟರಿಗೆ, ಸಕ್ಕರೆಯ ಪ್ರತಿ ಪ್ಲೇಟೋ ಡಿಗ್ರಿಗೆ (ಅಂದರೆ ವರ್ಟ್‌ನ ತೂಕದಲ್ಲಿ ಸುಮಾರು ಶೇಕಡಾ ಒಂದರಷ್ಟು ಸಕ್ಕರೆಗೆ), ಸುಮಾರು 7.5 ಲಕ್ಷ ಕೋಶಗಳು ಬೇಕು ಎಂಬುದು ವಾಡಿಕೆಯ ಅಳತೆ. 1.048 ಎಂದರೆ ಹೆಚ್ಚುಕಡಿಮೆ 12 ಪ್ಲೇಟೋ. 20 ಲೀಟರಿಗೆ 18,000 ಕೋಟಿ ಕೋಶಗಳಾದವು. ಚೆನ್ನಾಗಿ ತಳ ಹಿಡಿದ, ಗಂಜಿಯಷ್ಟು ಗಟ್ಟಿಯಾದ ಯೀಸ್ಟ್ ಗಸಿಯ ಒಂದು ಮಿಲಿಲೀಟರಿನಲ್ಲಿ ಸುಮಾರು 100 ಕೋಟಿ ಕೋಶಗಳಿರುತ್ತವೆ ಎಂದುಕೊಂಡರೂ, ಅದರಲ್ಲಿ ಸತ್ತವನ್ನು ಮತ್ತು ಹಾಪ್ಸ್ ಚೂರುಗಳನ್ನು ಕಳೆದು 200ರಿಂದ 250 ಮಿಲಿಲೀಟರ್ ಹಾಕಬೇಕಾಗುತ್ತದೆ. ಒಂದು ಕಾಫಿ ಲೋಟದ ತುಂಬ ಗಟ್ಟಿ ಗಸಿ ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ಜಾಡಿಯಲ್ಲಿ ಮುಕ್ಕಾಲು ಭಾಗ ತಿಳಿ ಬಿಯರೇ ಇರುವಾಗ ಅಲುಗಾಡಿಸಿ ಒಂದು ಲೋಟ ಸುರಿದವರು ಇದರ ಕಾಲುಭಾಗವನ್ನಷ್ಟೇ ಹಾಕಿರುತ್ತಾರೆ.

ಫ್ರಿಜ್ ತಣ್ಣಗಿದೆ, ಆದರೆ ಯಾವಾಗಿನಿಂದ?

ಯೀಸ್ಟ್ ಸತ್ತಿದೆಯೇ ಎಂಬ ಪ್ರಶ್ನೆ ನಮ್ಮ ಮಲೆನಾಡಿನ ಮಟ್ಟಿಗೆ ಫ್ರಿಜ್ ಮತ್ತು ಕರೆಂಟಿನ ಪ್ರಶ್ನೆಯೂ ಹೌದು. ತೆಗೆದಿಟ್ಟ ಯೀಸ್ಟನ್ನು 1ರಿಂದ 4 ಡಿಗ್ರಿಯಲ್ಲಿ, ಹೆಪ್ಪುಗಟ್ಟದಂತೆ ಇಡಬೇಕು. ಹಾಗಿಟ್ಟರೆ ಎರಡು ವಾರಗಳವರೆಗೆ ಅದು ನೇರವಾಗಿ ಬಳಸಲು ಯೋಗ್ಯ; ಒಂದು ತಿಂಗಳಾದರೆ ಸ್ಟಾರ್ಟರ್ ಮಾಡಿ, ಅಂದರೆ ಮೊದಲು ಸ್ವಲ್ಪ ಮಾಲ್ಟ್ ರಸದಲ್ಲಿ ಬೆಳೆಸಿ, ಎಬ್ಬಿಸಿ ಬಳಸಬೇಕು; ಅದಕ್ಕೂ ಹೆಚ್ಚಾದರೆ ನಾನಂತೂ ಪೂರ್ತಿ ಪಾತ್ರೆಯನ್ನು ಅದರ ಮೇಲೆ ನಂಬಿ ಬಿಡುವುದಿಲ್ಲ. ತಣ್ಣಗಿದ್ದಾಗ ಕೋಶಗಳು ತಮ್ಮಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟವನ್ನು ನಿಧಾನವಾಗಿ ಉಣ್ಣುತ್ತಾ ಕಾಲ ಕಳೆಯುತ್ತವೆ. ಬೆಚ್ಚಗಾದರೆ ಆ ಬುತ್ತಿ ಬೇಗ ಮುಗಿಯುತ್ತದೆ, ಕೋಶಗಳು ಸತ್ತು ಒಡೆಯುತ್ತವೆ.

ಒಂದು ಆಷಾಢದಲ್ಲಿ ಮರ ಬಿದ್ದು ತಂತಿ ಹರಿದು, ನಮ್ಮಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ನಾನು ಆಗ ಊರಿನಲ್ಲಿರಲಿಲ್ಲ. ಬಂದು ನೋಡಿದಾಗ ಫ್ರಿಜ್ ತಣ್ಣಗಿತ್ತು, ಜಾಡಿ ಎಂದಿನಂತೆಯೇ ಕಾಣುತ್ತಿತ್ತು, ದಿನಾಂಕದ ಚೀಟಿ ಹದಿನೆಂಟು ದಿನ ಹಳೆಯದು ಎಂದು ಹೇಳುತ್ತಿತ್ತು. ಆ ಯೀಸ್ಟ್ ಹಾಕಿದ ವರ್ಟ್ ನಲವತ್ತು ಗಂಟೆ ಸುಮ್ಮನಿದ್ದು, ಆಮೇಲೆ ಮೇಲೆದ್ದದ್ದು ಯೀಸ್ಟ್‌ನ ದಪ್ಪ ನೊರೆಯಲ್ಲ, ತೆಳುವಾದ ಬಿಳಿ ಪೊರೆ. ಯೀಸ್ಟ್ ಬೇಗ ಹರಡಿಕೊಳ್ಳದಿದ್ದರೆ ಆ ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ತಡವಾದ ಆರಂಭವೇ ಮುಂದಿನ ಬೆರಕೆಗೆ ಬಾಗಿಲಾಗುತ್ತದೆ ಎಂಬುದನ್ನು ಆ ಪಾತ್ರೆ ನನಗೆ ತೋರಿಸಿಕೊಟ್ಟಿತು.

ಅಂದಿನಿಂದ ಫ್ರೀಜರ್‌ನಲ್ಲಿ ಒಂದು ಸಣ್ಣ ಬಟ್ಟಲು ನೀರನ್ನು ಗಡ್ಡೆ ಕಟ್ಟಿಸಿ ಅದರ ಮೇಲೆ ಒಂದು ರೂಪಾಯಿ ನಾಣ್ಯವನ್ನು ಇಟ್ಟಿರುತ್ತೇನೆ. ಕರೆಂಟ್ ಬಹಳ ಹೊತ್ತು ಹೋಗಿ ಮಂಜುಗಡ್ಡೆ ಕರಗಿದರೆ ನಾಣ್ಯ ಮುಳುಗುತ್ತದೆ. ಮತ್ತೆ ಗಡ್ಡೆ ಕಟ್ಟಿದರೂ ನಾಣ್ಯ ತಳದಲ್ಲೇ ಉಳಿಯುತ್ತದೆ. ನಾಣ್ಯ ಮೇಲಿದ್ದರೆ ಚೀಟಿಯ ದಿನಾಂಕವನ್ನು ನಂಬಬಹುದು. ಮುಳುಗಿದ್ದರೆ ದಿನಾಂಕ ಏನೇ ಇರಲಿ, ಪರೀಕ್ಷೆ ಮಾಡದೆ ಆ ಯೀಸ್ಟನ್ನು ಬಳಸಬಾರದು. ಜಾಡಿಯನ್ನು ಫ್ರಿಜ್‌ನ ಬಾಗಿಲಿನಲ್ಲಿಡದೆ, ನೀರು ತುಂಬಿದ ಅಗಲವಾದ ಪಾತ್ರೆಯೊಳಗೆ ಹಿಂಭಾಗದಲ್ಲಿಟ್ಟರೆ ಐದಾರು ಗಂಟೆಗಳ ವಿದ್ಯುತ್ ಕಡಿತವನ್ನು ಅದು ಹೆಚ್ಚು ಬೆಚ್ಚಗಾಗದೆ ಕಳೆಯುತ್ತದೆ. ಜಾಡಿಯ ಮುಚ್ಚಳವನ್ನು ಎಂದೂ ಬಿಗಿ ಮಾಡಬಾರದು. ಬೆಚ್ಚಗಾದ ಯೀಸ್ಟ್ ಉಳಿದ ಸಕ್ಕರೆಯನ್ನು ಹುದುಗಿಸಿ ಅನಿಲ ಬಿಟ್ಟರೆ ಗಾಜಿನ ಜಾಡಿ ಸಿಡಿಯಬಹುದು.

ಸತ್ತ ಯೀಸ್ಟನ್ನು ಮೂಗೂ ಗುರುತಿಸುತ್ತದೆ. ಒಳ್ಳೆಯ ಗಸಿ ಕೆನೆ ಬಣ್ಣದ್ದಾಗಿದ್ದು, ಹೊಸದಾಗಿ ಬೇಯಿಸಿದ ಬ್ರೆಡ್‌ನ ವಾಸನೆ ಕೊಡುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಮಾಂಸದ ಸಾರಿನಂತೆಯೋ ಸೋಯಾ ಸಾಸ್‌ನಂತೆಯೋ ವಾಸನೆ ಬಂದರೆ ಕೋಶಗಳು ಒಡೆದಿವೆ ಎಂದರ್ಥ. ಸೂಕ್ಷ್ಮದರ್ಶಕ ಸಿಗುವವರು ಮೆಥಿಲೀನ್ ಬ್ಲೂ ಬಣ್ಣದ ತೆಳು ದ್ರಾವಣ ಬೆರೆಸಿ 400 ಪಟ್ಟು ಹಿಗ್ಗಿಸಿ ನೋಡಿದರೆ ಬದುಕಿದ ಕೋಶಗಳು ಬಣ್ಣವಿಲ್ಲದೆ, ಸತ್ತವು ನೀಲಿಯಾಗಿ ಕಾಣುತ್ತವೆ.

ಮೂರು ಬಾಟಲಿಗಳ ಪರೀಕ್ಷೆ

ಸೂಕ್ಷ್ಮದರ್ಶಕ ಇಲ್ಲದವರಿಗೆ ನಾನು ಒತ್ತಿ ಹೇಳುವ ಪರೀಕ್ಷೆ ಒಂದಿದೆ. ದೋಷ ಯೀಸ್ಟ್‌ನಲ್ಲಿದೆಯೋ, ವರ್ಟ್‌ನಲ್ಲಿದೆಯೋ, ನಮ್ಮ ಪಾತ್ರೆ ಮತ್ತು ಕೈಯಲ್ಲಿದೆಯೋ ಎಂಬುದನ್ನು ಬೇರ್ಪಡಿಸಲು ಇದಕ್ಕಿಂತ ಸುಲಭವಾದದ್ದು ನನಗೆ ಸಿಕ್ಕಿಲ್ಲ. ವರ್ಟ್ ತಣಿದು ಹುದುಗುವ ಪಾತ್ರೆಗೆ ಇಳಿದ ಮೇಲೆ, ಯೀಸ್ಟ್ ಹಾಕುವ ಮೊದಲು, ಅದರಿಂದ ಸುಮಾರು 250 ಮಿಲಿಲೀಟರ್‌ನಂತೆ ಮೂರು ಗಾಜಿನ ಬಾಟಲಿಗಳಿಗೆ ತೆಗೆದುಕೊಳ್ಳಬೇಕು. ಬಾಟಲಿಗಳನ್ನು ಮೊದಲೇ ಕುಕ್ಕರ್‌ನಲ್ಲಿ ಇಪ್ಪತ್ತು ನಿಮಿಷ ಆವಿಯಲ್ಲಿಟ್ಟಿರಬೇಕು. ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ ಹಾಸನ, ಚಿಕ್ಕಮಗಳೂರುಗಳಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಬರೇ ಕುದಿಸಿದರೆ ಬ್ಯಾಕ್ಟೀರಿಯಾದ ಬೀಜಕಣಗಳು ಉಳಿಯುತ್ತವೆ, ಒತ್ತಡದ ಆವಿ ಅವನ್ನೂ ಕೊಲ್ಲುತ್ತದೆ.

ಮೊದಲನೆಯ ಬಾಟಲಿಗೆ ಏನನ್ನೂ ಹಾಕಬಾರದು. ಎರಡನೆಯದಕ್ಕೆ ಹೊಸ ಪೊಟ್ಟಣದ ಒಣ ಯೀಸ್ಟನ್ನು ಒಂದು ಚಮಚದಷ್ಟು ಧಾರಾಳವಾಗಿ ಹಾಕಬೇಕು. ಮೂರನೆಯದಕ್ಕೆ ತೆಗೆದಿಟ್ಟ ಗಸಿಯನ್ನು ಅಷ್ಟೇ ಧಾರಾಳವಾಗಿ ಹಾಕಬೇಕು. ಮೂರಕ್ಕೂ ಅಲ್ಯೂಮಿನಿಯಂ ಹಾಳೆಯ ಸಡಿಲ ಮುಚ್ಚಿಗೆ ಹಾಕಿ, 25 ಡಿಗ್ರಿಯ ಆಸುಪಾಸಿನ ಬೆಚ್ಚನೆಯ ಜಾಗದಲ್ಲಿಟ್ಟು, ಎರಡನೆಯ ಮತ್ತು ಮೂರನೆಯ ಬಾಟಲಿಗಳನ್ನು ದಿನಕ್ಕೆ ನಾಲ್ಕಾರು ಸಲ ಕುಲುಕಬೇಕು. ಡಿಸೆಂಬರ್, ಜನವರಿಗಳಲ್ಲಿ ಬಚ್ಚಲಿನ ಹಂಡೆಯ ಒಲೆಯ ಹತ್ತಿರದ ಗೂಡು ಇದಕ್ಕೆ ಸರಿಯಾದ ಜಾಗ.

ಮೊದಲನೆಯ ಬಾಟಲಿ ಮೂರು ದಿನ ಮೊದಲಿನಂತೆಯೇ ಉಳಿದರೆ ವರ್ಟೂ ಪಾತ್ರೆಯೂ ಶುಚಿಯಾಗಿವೆ. ಅದು ಯೀಸ್ಟ್ ಇಲ್ಲದೆಯೇ ಕದಡಿ, ಗುಳ್ಳೆ ಬಂದು, ಹುಳಿ ವಾಸನೆ ಬಂದರೆ ಯೀಸ್ಟನ್ನು ದೂರುವ ಹಾಗಿಲ್ಲ. ತಣಿಸುವ ಕೊಳವೆ, ನಲ್ಲಿ, ಪಾತ್ರೆಯ ಗೀರುಗಳು ಇವುಗಳನ್ನು ನೋಡಬೇಕು. ಮೊದಲನೆಯದು ತಿಳಿಯಾಗಿದ್ದು, ಎರಡನೆಯದು ಚೆನ್ನಾಗಿ ಹುದುಗಿ, ಮೂರನೆಯದು ಮಾತ್ರ ಸುಮ್ಮನಿದ್ದರೆ ಅಥವಾ ಹುಳಿಯಾದರೆ ದೋಷ ಜಾಡಿಯಲ್ಲಿಯೇ ಇದೆ. ಎರಡೂ ಮೂರೂ ಚೆನ್ನಾಗಿ ಹುದುಗಿ ದೊಡ್ಡ ಪಾತ್ರೆ ಮಾತ್ರ ಕುಂಟಿದರೆ ಪ್ರಮಾಣ, ಆಮ್ಲಜನಕ, ಉಷ್ಣತೆ ಈ ಮೂರರಲ್ಲಿ ಒಂದು ತಪ್ಪಿದೆ. ಮೊದಲನೆಯ ಬಾಟಲಿಯ ರಸವನ್ನು ಮೂರು ದಿನಗಳ ನಂತರ, ತಿಳಿಯಾಗಿದ್ದರೂ, ಚೆಲ್ಲಿಬಿಡಬೇಕು. ಹುದುಗದ ವರ್ಟ್‌ನ ಆಮ್ಲೀಯತೆ ಕಡಿಮೆ. ಹೊರಗಿಟ್ಟರೆ ಅದರಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ವಿಷ ಬಿಡುವ ಸಾಧ್ಯತೆ ಇರುತ್ತದೆ.

ನಡುದಾರಿಯಲ್ಲಿ ನಿಂತ ಹುದುಗುವಿಕೆಗೂ ಇದೇ ಬಾಟಲಿಗಳು ಉತ್ತರ ಕೊಡುತ್ತವೆ. 1.048ರಿಂದ ಹೊರಟ ಬಿಯರ್ 1.012ಕ್ಕೆ ಇಳಿಯಬೇಕೆಂದು ನಿರೀಕ್ಷಿಸಿದ್ದು 1.019ರಲ್ಲಿ ನಿಂತರೆ, ಎರಡನೆಯ ಬಾಟಲಿಯ ಕೊನೆಯ ಸಾಂದ್ರತೆಯನ್ನು ಅಳೆಯಬೇಕು. ಧಾರಾಳವಾದ ಹೊಸ ಯೀಸ್ಟ್ ಬೆಚ್ಚಗಿನ ಜಾಗದಲ್ಲಿದ್ದೂ 1.018ಕ್ಕಿಂತ ಕೆಳಗೆ ಒಯ್ಯಲಾರದೆ ಹೋಗಿದ್ದರೆ, ಆ ವರ್ಟ್‌ನಲ್ಲಿ ಹುದುಗುವ ಸಕ್ಕರೆಯೇ ಅಷ್ಟು. ಮಾಲ್ಟನ್ನು ನೆನೆಸುವಾಗ ಉಷ್ಣತೆ 70 ಡಿಗ್ರಿಗೆ ಏರಿ, ಹುದುಗದ ದೊಡ್ಡ ಸಕ್ಕರೆಗಳು ಹೆಚ್ಚಾಗಿರಬೇಕು. ಬಾಟಲಿ 1.011ಕ್ಕೆ ಇಳಿದು ಪಾತ್ರೆ ಮಾತ್ರ 1.019ರಲ್ಲಿದ್ದರೆ ಯೀಸ್ಟ್ ಬಸವಳಿದಿದೆ ಅಥವಾ ಚಳಿಗೆ ತಳ ಸೇರಿದೆ. ನಮ್ಮ ಉಗ್ರಾಣ ಜನವರಿಯ ನಸುಕಿನಲ್ಲಿ 15 ಡಿಗ್ರಿಗೆ ಇಳಿಯುತ್ತದೆ. ಪಾತ್ರೆಯನ್ನು 20 ಡಿಗ್ರಿಯ ಕೋಣೆಗೆ ತಂದು, ತಳದ ಯೀಸ್ಟ್ ಮೇಲೇಳುವಂತೆ ಮೆಲ್ಲಗೆ ತಿರುಗಿಸಿಟ್ಟರೆ ಎರಡು ಮೂರು ದಿನಗಳಲ್ಲಿ ಅದು ಮತ್ತೆ ಕೆಲಸ ಹಿಡಿದದ್ದನ್ನು ಹಲವು ಸಲ ನೋಡಿದ್ದೇನೆ.

ವಾಸನೆ ಮತ್ತು ದೋಸೆ ಹಿಟ್ಟು

ಹುದುಗುವಿಕೆ ಸರಿಯಾಗಿ ಮುಗಿದೂ ರುಚಿ ಕೆಟ್ಟಿದ್ದರೆ ಮೂಗನ್ನು ಮುಂದಿಟ್ಟುಕೊಂಡು ನಡೆಯಬೇಕು. ಬೆಣ್ಣೆಯ ವಾಸನೆ ಡೈಅಸಿಟೈಲ್‌ನದು. ಯೀಸ್ಟ್ ತಾನೇ ಇದನ್ನು ಉಂಟುಮಾಡಿ, ಸಮಯ ಕೊಟ್ಟರೆ ತಾನೇ ಹೀರಿಕೊಳ್ಳುತ್ತದೆ. ಆದ್ದರಿಂದ ಇನ್ನೂ ಮೂರು ದಿನ ಯೀಸ್ಟ್‌ನ ಮೇಲೆಯೇ 20 ಡಿಗ್ರಿಯಲ್ಲಿಟ್ಟು ನೋಡಬೇಕು. ವಾಸನೆ ಕರಗಿದರೆ ನಾವು ಅವಸರ ಮಾಡಿದ್ದೆವು ಎಂದಾಯಿತು, ಹೆಚ್ಚಾಗುತ್ತಾ ಹೋಗಿ ಬಿಯರ್ ಎಳೆ ಎಳೆಯಾಗಿ ಲೋಳೆ ಬಂದರೆ ಪೀಡಿಯೋಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿದೆ. ಲವಂಗದ ಅಥವಾ ಔಷಧಿಯ ವಾಸನೆ ಕಾಡು ಯೀಸ್ಟ್‌ನಿಂದ ಬರಬಹುದು, ನಲ್ಲಿ ನೀರಿನ ಕ್ಲೋರಿನ್‌ನಿಂದಲೂ ಬರಬಹುದು. ಅದೇ ನೀರಿನಲ್ಲಿ ಹೊಸ ಯೀಸ್ಟ್ ಹಾಕಿ ಮಾಡಿದ ಬಿಯರ್‌ನಲ್ಲೂ ಇದ್ದರೆ ನೀರನ್ನೇ ಅನುಮಾನಿಸಬೇಕು. ವಿನೆಗರ್ ವಾಸನೆ ಬಂದರೆ ಗಾಳಿ ಒಳಸೇರಿದೆ. ಕಾಫಿ ಪಲ್ಪಿಂಗ್ ನಡೆಯುವ ತಿಂಗಳುಗಳಲ್ಲಿ ಮತ್ತು ಹಲಸು ಕೊಳೆಯುವ ಕಾಲದಲ್ಲಿ ತೋಟದ ಮನೆಗಳಲ್ಲಿ ಹಣ್ಣುನೊಣಗಳು ವಿಪರೀತ. ವಿನೆಗರ್ ಮಾಡುವ ಬ್ಯಾಕ್ಟೀರಿಯಾವನ್ನು ಹೊತ್ತು ತರುವವು ಅವೇ. ಏರ್‌ಲಾಕ್‌ನ ನೀರು ಬತ್ತಿದ್ದರೆ ಅವುಗಳಿಗೆ ದಾರಿ ಸಿಗುತ್ತದೆ.

ಶುದ್ಧವಾದ, ಮೊಸರಿನಂಥ ಹುಳಿ ಬಂದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಬೇರೆ ದೇಶಗಳ ಅಡುಗೆಮನೆಗಿಂತ ನಮ್ಮ ಅಡುಗೆಮನೆಯಲ್ಲಿ ಈ ಜೀವಿಗಳ ಸಂತತಿ ಬಹಳ ದೊಡ್ಡದು. ದೋಸೆ, ಇಡ್ಲಿ ಹಿಟ್ಟು ಹುಳಿ ಬರುವುದು, ಹಾಲು ಮೊಸರಾಗುವುದು ಇವುಗಳ ಕೆಲಸದಿಂದಲೇ. ಅವು ಕೆಟ್ಟವಲ್ಲ, ಆದರೆ ಬಿಯರ್ ಅವುಗಳ ಜಾಗವಲ್ಲ. ನನ್ನ ಎರಡು ಪಾತ್ರೆಗಳು ಒಂದರ ಹಿಂದೆ ಒಂದು ಹುಳಿಯಾದಾಗ ನಾನು ಕೊಳವೆ, ನಲ್ಲಿ, ಬಾಟಲಿ ಎಲ್ಲವನ್ನೂ ಬದಲಿಸಿದೆ, ಮೂರನೆಯದೂ ಹುಳಿಯಾಯಿತು. ಮೂರು ಬಾಟಲಿಗಳ ಪರೀಕ್ಷೆಯಲ್ಲಿ ಗಸಿ ಹಾಕಿದ ಬಾಟಲಿ ಮಾತ್ರ ಹುಳಿಯಾದಾಗ, ಜಾಡಿಯನ್ನು ತೆರೆದು ತುಂಬುವ ಜಾಗವನ್ನು ನೋಡಿದೆ. ಗ್ರೈಂಡರ್ ಇರುವ ಕಟ್ಟೆಯ ಮೇಲೆಯೇ ನಾನು ಆ ಕೆಲಸ ಮಾಡುತ್ತಿದ್ದೆ. ಅಮ್ಮ ಅಲ್ಲಿಯೇ ಸಂಜೆ ದೋಸೆಗೆ ರುಬ್ಬುತ್ತಿದ್ದರು. ಫ್ರಿಜ್‌ನಲ್ಲಿಯೂ ಜಾಡಿಯ ಮೇಲಿನ ಅಟ್ಟದಲ್ಲಿ ಹಿಟ್ಟಿನ ಪಾತ್ರೆ ಇರುತ್ತಿತ್ತು, ಅದು ಉಕ್ಕಿ ಸೋರಿದ ಗುರುತು ಜಾಡಿಯ ಕುತ್ತಿಗೆಯ ಮೇಲೆ ಒಣಗಿತ್ತು. ಸಡಿಲವಾದ ಮುಚ್ಚಳದ ಕೆಳಗೆ ಅಷ್ಟೇ ಸಾಕು.

ಯೀಸ್ಟನ್ನು ಮತ್ತೆ ಮತ್ತೆ ಬಳಸಿದಂತೆ ಈ ಬೆರಕೆಯೂ ಪ್ರತಿ ಸುತ್ತಿನಲ್ಲಿ ಬೆಳೆಯುತ್ತದೆ. ಮೊದಲ ಬಿಯರ್‌ನಲ್ಲಿ ನಾಲಿಗೆಗೆ ಸಿಗದಷ್ಟಿದ್ದ ಹುಳಿ ಮೂರನೆಯದರಲ್ಲಿ ಎದ್ದು ಕಾಣುವುದು ಇದರಿಂದಲೇ. ಈಗ ಜಾಡಿ ತೆರೆಯುವ ಕೆಲಸವನ್ನು ಗಾಳಿ ಬೀಸದ ಬೇರೆ ಕೋಣೆಯಲ್ಲಿ, ಫ್ಯಾನ್ ಆರಿಸಿ, ಜಾಡಿಯ ಬಾಯಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ ಮಾಡುತ್ತೇನೆ; ಫ್ರಿಜ್‌ನಲ್ಲಿ ಜಾಡಿ ಹಿಟ್ಟಿಗಿಂತ ಮೇಲಿನ ಅಟ್ಟದಲ್ಲಿ, ಮುಚ್ಚಳದ ಮೇಲೆ ಕವುಚಿದ ಸ್ಟೀಲ್ ಲೋಟದೊಂದಿಗೆ ಇರುತ್ತದೆ. ಗಸಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ನೀರಿನಲ್ಲೇ ಇಡುವ ಪದ್ಧತಿಯನ್ನೂ ಬಿಟ್ಟೆ. ಬಿಯರ್‌ನ ಆಮ್ಲೀಯತೆ, ಮದ್ಯಸಾರ, ಹಾಪ್ಸ್‌ನ ಕಹಿ ಈ ಮೂರೂ ಬ್ಯಾಕ್ಟೀರಿಯಾಗೆ ಅಡ್ಡಿ. ತೊಳೆದರೆ ಆ ಕಾವಲನ್ನು ನಾವೇ ತೆಗೆದಂತೆ. ದೊಡ್ಡ ಬ್ರೂವರಿಗಳಲ್ಲಿ ಫಾಸ್ಫಾರಿಕ್ ಆಮ್ಲದಿಂದ ಗಸಿಯನ್ನು ಶುದ್ಧಿ ಮಾಡುತ್ತಾರೆ, ಆದರೆ ಅದು ಕಾಡು ಯೀಸ್ಟನ್ನು ಕೊಲ್ಲುವುದಿಲ್ಲ, ಉಷ್ಣತೆ ಮತ್ತು ಸಮಯ ಸ್ವಲ್ಪ ತಪ್ಪಿದರೂ ಒಳ್ಳೆಯ ಯೀಸ್ಟನ್ನೇ ಕೊಲ್ಲುತ್ತದೆ. ಮನೆಯಲ್ಲಿ ಅದರ ಗೊಡವೆ ಬೇಡ ಎಂಬುದು ನನ್ನ ಅಭಿಪ್ರಾಯ.

ಯೀಸ್ಟ್‌ನ ಸ್ವಭಾವ ಬದಲಾಗುವುದು ಬೇರೆ ಬಗೆಯ ದೋಷ. ಮೊದಲೆಲ್ಲ ಬೇಗ ತಿಳಿಯಾಗುತ್ತಿದ್ದ ಬಿಯರ್ ಈಗ ತಿಂಗಳಾದರೂ ಕದಡಿಯೇ ಇದ್ದರೆ, ಗಸಿಯ ಮೇಲ್ಪದರವನ್ನೇ ಪ್ರತಿ ಸಲ ತೆಗೆದು ತಡವಾಗಿ ತಳ ಸೇರುವ ಕೋಶಗಳನ್ನೇ ಆರಿಸಿದ್ದೀರಿ. ತೀರಾ ತಳದ್ದನ್ನು ತೆಗೆದಿದ್ದರೆ ಬೇಗ ಕುಳಿತುಬಿಡುವ ಸೋಮಾರಿ ಕೋಶಗಳು ಸಿಗುತ್ತವೆ. ನಡುವಿನ ಕೆನೆ ಬಣ್ಣದ ಪದರವೇ ಸರಿ. 1.065ಕ್ಕಿಂತ ಗಾಢವಾದ, ಬಹಳ ಕಹಿಯಾದ ಬಿಯರ್‌ನಿಂದ ಯೀಸ್ಟ್ ತೆಗೆದಿಡಬಾರದು.

ಸಾಂದ್ರತೆ 1.004ಕ್ಕಿಂತ ಕೆಳಗಿಳಿದು, ಬಾಟಲಿ ತೆರೆದೊಡನೆ ನೊರೆ ಚಿಮ್ಮಿದರೆ, ದೊಡ್ಡ ಸಕ್ಕರೆಗಳನ್ನೂ ಒಡೆಯಬಲ್ಲ ಡಯಾಸ್ಟಾಟಿಕಸ್ ಬಗೆಯ ಯೀಸ್ಟ್ ಸೇರಿರುವ ಸಾಧ್ಯತೆ ಹೆಚ್ಚು. ಸೈಸನ್ ಎಂಬ ಬೆಲ್ಜಿಯಂ ಬಗೆಯ ಬಿಯರ್‌ಗೆ ಬಳಸುವ ಕೆಲವು ತಳಿಗಳು ಇದೇ ಜಾತಿಯವು, ಅವು ಕೊಳವೆಗಳಲ್ಲಿ ಉಳಿದುಕೊಳ್ಳುತ್ತವೆ. ಅಂಥ ಬಾಟಲಿಗಳು ಒಡೆದು ಗಾಯ ಮಾಡಬಲ್ಲವು. ಮಕ್ಕಳನ್ನು ದೂರವಿಟ್ಟು, ದಪ್ಪ ಗೋಣಿ ಹೊದಿಸಿ, ಫ್ರಿಜ್‌ನಲ್ಲಿ ತಣಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಂದೊಂದಾಗಿ ತೆರೆದು ಖಾಲಿ ಮಾಡಬೇಕು.

ಪಾತ್ರೆ ಸುಮ್ಮನಿದೆ, ಗಂಟೆ ಮೂವತ್ತಾರು ಆಯಿತು ಎಂದಾದರೆ ಕಾರಣ ಹುಡುಕುವುದನ್ನು ಮುಂದಕ್ಕೆ ಹಾಕಿ, ಮೊದಲು ಪೊಟ್ಟಣದ ಒಣ ಯೀಸ್ಟ್ ಹಾಕಿಬಿಡಬೇಕು. ಅದಕ್ಕೆಂದೇ ಒಂದು ಪೊಟ್ಟಣವನ್ನು ಫ್ರಿಜ್‌ನಲ್ಲಿ ಯಾವಾಗಲೂ ಇಟ್ಟಿರಬೇಕು. ಮುಂದಿನ ಸಲದಿಂದ, ಬಿಯರ್ ಮಾಡುವ ಹಿಂದಿನ ದಿನವೇ ಅರ್ಧ ಲೀಟರ್ ನೀರಿಗೆ 50 ಗ್ರಾಂ ಒಣ ಮಾಲ್ಟ್ ಪುಡಿ ಹಾಕಿ ಹದಿನೈದು ನಿಮಿಷ ಕುದಿಸಿ, ಪೂರ್ತಿ ತಣಿಸಿ, ನಾಲ್ಕು ಚಮಚ ಗಸಿಯನ್ನು ಅದಕ್ಕೆ ಹಾಕಿಡಬೇಕು. ಮರುದಿನ ಬೆಳಗ್ಗೆ ನೊರೆ ಎದ್ದು, ಬ್ರೆಡ್‌ನ ವಾಸನೆ ಬಂದು, ಒಂದು ಹನಿ ನಾಲಿಗೆಗಿಟ್ಟಾಗ ಹುಳಿ ಇಲ್ಲದಿದ್ದರೆ ಮಾತ್ರ ಮಾಲ್ಟ್ ನೆನೆಸಲು ನೀರು ಕಾಯಿಸಬೇಕು.

ಒಂದೇ ಯೀಸ್ಟನ್ನು ಮನೆಯಲ್ಲಿ ಐದು ಸುತ್ತಿಗಿಂತ ಹೆಚ್ಚು ಬಳಸಬಾರದು ಎಂಬ ಮಿತಿಯನ್ನು ನಾನು ಹಾಕಿಕೊಂಡಿದ್ದೇನೆ. ಅನುಮಾನ ಬಂದ ಜಾಡಿಯ ಗಸಿಯ ಮೇಲೆ ಕುದಿಯುವ ನೀರು ಸುರಿದು, ಆರಿದ ಮೇಲೆ ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಜಾಡಿಯ ರಬ್ಬರ್ ಸುತ್ತನ್ನು ಎಸೆದು ಹೊಸದು ಹಾಕುತ್ತೇನೆ. ಚೀಟಿಯ ಮೇಲೆ ಯೀಸ್ಟ್‌ನ ತಳಿ, ಎಷ್ಟನೆಯ ಸುತ್ತು, ಯಾವ ಬಿಯರ್‌ನಿಂದ ತೆಗೆದದ್ದು, ತೆಗೆದ ದಿನ ಇವಿಷ್ಟರ ಜೊತೆಗೆ ಈಗ ಐದನೆಯ ಸಾಲೊಂದಿದೆ: ನಾಣ್ಯ ಮೇಲಿತ್ತೇ, ಮುಳುಗಿತ್ತೇ.